ಬಳ್ಳಾರಿಗೆ ಫ್ಯಾಮಿಲಿ ಸಮೇತ ಬರೋರು ಬಾಡಿಗೆಗೆ ಏರಿಯಾ ಹೆಂಗ್ ಆರಿಸ್ಕೋಬೇಕು

ಜಿಂದಾಲ್ ಸ್ಟೀಲ್ ಫ್ಯಾಕ್ಟರಿನಾಗೆ ಕೆಲಸ ಸಿಕ್ಕೈತೆ, ಇಲ್ಲಾ ಟ್ರಾನ್ಸ್‌ಫರ್ ಆಗೈತೆ, ಮಕ್ಕಳು ಮರೀನ ಕರ್ಕೊಂಡು ಬರ್ತಿದೀವಿ, ಯಾವ ಏರಿಯಾ ಚಲೋ ಅಂತ ಕೇಳೋರು ಭಾಳ ಜನ. ಎಲ್ರೂ ಮೊದ್ಲು ಬಾಡಿಗೆ ಎಷ್ಟು ಅಂತಾರೆ. ನೀವು ಮೊದ್ಲು ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ ಅಂತ ಕೇಳ್ರಿ, ಬಾಡಿಗೆ ಮಾತು ಆಮೇಲೆ.

ಈ ಊರಿಗೆ ಕುಡಿಯೋ ನೀರು ತುಂಗಭದ್ರಾ ಕಾಲುವೆಯಿಂದ ಅಲ್ಲೀಪುರ, ಮೋಕಾ ಕಡೆ ಕೆರೆಗೆ ಬಂದು ನಿಂತು ಅಲ್ಲಿಂದ ನಲ್ಲಿಗೆ ಬರ್ತೈತೆ, ಬೇಸಿಗೇಲಿ ಕಾಲುವೆ ಬಂದ್ ಆದ್ರೆ ಕೆರೇಲಿ ಇದ್ದಷ್ಟ್ರಾಗೇ ಊರು ನಡೀಬೇಕು, ಅದ್ಕೇ ವಾರಕ್ಕೊಮ್ಮೆ, ಕೆಲವು ಕಡೆ ಅದಕ್ಕೂ ತಡವಾಗಿ ನೀರು ಬರ್ತೈತೆ. ಓನರ್‌ನ ಕೇಳಿದ್ರೆ ನೀರಿಗೇನೂ ತೊಂದ್ರೆ ಇಲ್ರಿ ಅಂತಾರೆ. ಪಕ್ಕದ ಮನೆ ಅಕ್ಕೋರ್ನ ಕೇಳ್ರಿ, ಮೂಲೆ ಕಿರಾಣಿ ಅಂಗಡಿಯೋರ್ನ ಕೇಳ್ರಿ, ಹೋದ ಏಪ್ರಿಲ್ ಮೇ ತಿಂಗಳಾಗೆ ಎಷ್ಟು ದಿನಕ್ಕೊಮ್ಮೆ ಬಂತು, ಟ್ಯಾಂಕರ್ ತರಿಸಿದ್ರಾ, ನೀರು ಬಿಡೋದು ಹಗಲೋ ನಡುರಾತ್ರಿನೋ.

ಲೆಕ್ಕ ಹಿಂಗೆ ಹಾಕ್ರಿ. ನಗರದಾಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರಿ ಲೆಕ್ಕ, ನಾಲ್ಕು ಜನಕ್ಕೆ 540, ಎಂಟು ದಿನಕ್ಕೆ 4,300 ಲೀಟರ್ ಮ್ಯಾಲೆ ಆಯ್ತು. ಅಂದ್ರೆ ನಿಮ್ಮ ಪಾಲಿಗೇ 5,000 ಲೀಟರ್ ಸಂಪ್ ಇರಬೇಕು. ಕೆಳಗೆ ಓನರ್, ಮ್ಯಾಲೆ ನೀವು, ಹಿಂದೆ ಇನ್ನೊಂದು ಮನೆ, ಮೂವರಿಗೂ ಒಂದೇ ಸಂಪ್ ಅಂದ್ರೆ ಜಗಳ ತಪ್ಪಲ್ಲ, ಸಂಪ್ ಮುಚ್ಚಳ ತೆಗೆಸಿ ಕಣ್ಣಿಂದ ನೋಡ್ರಿ. ಬೋರ್ ಐತೆ ಅಂದ್ರೂ ಒಂದು ಗ್ಲಾಸ್ ಕುಡುದು ನೋಡ್ರಿ, ಸವಳು ನೀರಾದ್ರೆ ಬಟ್ಟೆ ಪಾತ್ರೆಗಷ್ಟೇ.

ಇನ್ನು ದಿಕ್ಕು. ಕೆಲಸ ಜಿಂದಾಲ್ ಇರೋ ತೋರಣಗಲ್ಲಿನಾಗೆ ಅಂದ್ರೆ ಹೊಸಪೇಟೆ ರೋಡ್, ಕಂಟೋನ್ಮೆಂಟ್ ಕಡೆ ಹುಡುಕ್ರಿ, ತೋರಣಗಲ್ಲು ಊರಿಂದ 30 ಕಿಲೋಮೀಟರ್ ಹತ್ರ ಆಗ್ತೈತೆ, ಕುಡಿತಿನಿ ಥರ್ಮಲ್ ವಿದ್ಯುತ್ ಸ್ಥಾವರಕ್ಕೂ ಅದೇ ದಾರಿ, ಕಂಪನಿ ಬಸ್ ಎಲ್ಲಿ ನಿಲ್ತೈತೆ ಅಂತ ಮೊದ್ಲೇ ಕೇಳಿ ಅದ್ರ ಸುತ್ತ ಮನೆ ನೋಡ್ರಿ, ನೈಟ್ ಶಿಫ್ಟ್ ಮುಗಿಸ್ಕೊಂಡು ಬರೋರಿಗೆ ಅದ್ರ ಬೆಲೆ ಗೊತ್ತಿರ್ತೈತೆ. ವಯಸ್ಸಾದ ಅಪ್ಪ ಅಮ್ಮ ಇದ್ರೆ ವಿಮ್ಸ್ ಸರ್ಕಾರಿ ಆಸ್ಪತ್ರೆನೂ (ಈಗ ಅದ್ರ ಹೆಸರು ಬಿಎಂಸಿಆರ್‌ಸಿ) ಕಂಟೋನ್ಮೆಂಟ್‌ನಾಗೇ ಐತೆ. ಗಾಂಧಿನಗರ, ಸತ್ಯನಾರಾಯಣಪೇಟೆ, ಪಾರ್ವತಿ ನಗರ ಹಳೇ ಏರಿಯಾ, ಎಲ್ಲಾ ಕೈಗೆ ಸಿಗ್ತೈತೆ, ಬಾಡಿಗೆ ಜಾಸ್ತಿ. ಹೊಸ ಮನೆ, ಕಾರ್ ನಿಲ್ಸೋಕೆ ಜಾಗ ಬೇಕಂದ್ರೆ ತಾಳೂರು ರೋಡ್, ಸಿರುಗುಪ್ಪ ರೋಡ್ ಕಡೆ ಲೇಔಟ್‌ಗಳು ಅದಾವೆ. ಆದ್ರೆ ಸುತ್ತ ಎಲ್ಲಾ ಎರೆಮಣ್ಣು ನೋಡ್ರಿ, ಡಾಂಬರು ಬಿದ್ದಿರದ ರೋಡ್‌ನಾಗೆ ಮಳೆ ಬಂದ್ರೆ ಸ್ಕೂಟಿ ಚಕ್ರಕ್ಕೆ ಮಣ್ಣು ಸುತ್ಕೊಂಡು ಮುಂದಕ್ಕೇ ಹೋಗಲ್ಲ. ಚರಂಡಿ ಆಗೈತಾ, ಬೀದಿದೀಪ ಉರೀತಾವಾ ಅಂತ ಕತ್ತಲಾದ್ಮ್ಯಾಲೆ ಹೋಗಿ ನೋಡ್ಬೇಕು.

ಸ್ಕೂಲು ರೈಲ್ವೆ ಲೈನ್‌ನ ಯಾವ ಕಡೆ ಐತೆ ಅಂತ ಮರೀಬ್ಯಾಡ್ರಿ. ಗೇಟ್ ಬಿದ್ರೆ ಕಾಯ್ಬೇಕು, ಜೋರು ಮಳೆ ಬಂದ್ರೆ ಅಂಡರ್‌ಬ್ರಿಜ್‌ನಾಗೆ ನೀರು ನಿಲ್ತೈತೆ, ಆಟೋದಾಗೆ ಚಿಕ್ಕ ಮಕ್ಕಳ್ನ ಕಳಿಸೋ ತಾಯಿಗೆ ಅದು ದಿನಾ ಸಂಕಟ. ಸಾಧ್ಯ ಆದ್ರೆ ಮನೆ, ಸ್ಕೂಲು ಒಂದೇ ಕಡೆ ಇರಲಿ.

ಮನೇನ ಮಧ್ಯಾಹ್ನ ಮೂರಕ್ಕೆ ನೋಡ್ರಿ, ಬೆಳಿಗ್ಗೆ ಬ್ಯಾಡ. ಬೇಸಿಗೇಲಿ ಇಲ್ಲಿ 40 ಡಿಗ್ರಿ ದಾಟ್ತೈತೆ, ಮ್ಯಾಲಿನ ಫ್ಲೋರ್‌ನ ಆರ್‌ಸಿಸಿ ಛತ್ತು ರಾತ್ರಿ ಹನ್ನೊಂದಾದ್ರೂ ಬಿಸಿ ಬಿಡ್ತಿರ್ತೈತೆ, ಕೂಸಿದ್ದೋರು ನಡುವಿನ ಫ್ಲೋರ್ ತಗೊಳ್ರಿ, ನೂರು ಇನ್ನೂರು ಜಾಸ್ತಿ ಆದ್ರೂ ಪರವಾಗಿಲ್ಲ.

ಕರೆಂಟ್ ಮೀಟರ್ ನಿಮ್ಮ ಮನೆಗೇ ಬೇರೆ ಇರಬೇಕು. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗ್ತೈತೆ, ಎರಡು ಮನೆ ಒಂದೇ ಮೀಟರ್‌ನಾಗಿದ್ದು 200 ಯೂನಿಟ್ ದಾಟ್ತು ಅಂದ್ರೆ ಪೂರ್ತಿ ಬಿಲ್ ಕಟ್ಬೇಕು. ಹಳೇ ಊರಿನ ಮನೇದು ಲಿಂಕ್ ತೆಗೆಸಿ, ಇಲ್ಲಿನ ಆರ್‌ಆರ್ ನಂಬರ್‌ಗೆ (ಬಿಲ್ ಮ್ಯಾಲಿರೋ ಕರೆಂಟ್ ಕನೆಕ್ಷನ್ ನಂಬರ್) ಹೊಸದಾಗಿ ಹಾಕ್ಸಿ. ಜೆಸ್ಕಾಂ (ಇಲ್ಲಿನ ಕರೆಂಟ್ ಕಂಪನಿ) ಹಳೇ ಬಿಲ್ ತೋರಿಸ್ರಿ ಅಂತ ಓನರ್‌ಗೆ ಕೇಳ್ರಿ, ಬಾಕಿ ಇದ್ರೆ ಗೊತ್ತಾಗ್ತೈತೆ.

ಅಗ್ರಿಮೆಂಟ್‌ನಾಗೆ ಅಡ್ವಾನ್ಸ್ ಎಷ್ಟು, ಖಾಲಿ ಮಾಡೋವಾಗ ಬಣ್ಣಕ್ಕೆ ಎಷ್ಟು ಹಿಡೀತಾರೆ, ಟ್ಯಾಂಕರ್ ತರಿಸಿದ್ರೆ ದುಡ್ಡು ಯಾರು ಕೊಡ್ತಾರೆ, ಮೂರನ್ನೂ ಬರೆಸ್ರಿ. ಕೊನೇದು ಕೇಳೋಕೆ ಸಂಕೋಚ ಮಾಡ್ಬ್ಯಾಡ್ರಿ, ಮೇ ತಿಂಗಳಾಗೆ ಅದೇ ದೊಡ್ಡ ಖರ್ಚು.