ಕೆಲಸವಿಲ್ಲದಿದ್ದಾಗ ಕ್ಯಾಲಿಫೋರ್ನಿಯಾದ ಡಿಸೆಬಿಲಿಟಿ ಹಣ ಪಡೆದದ್ದು: ನನ್ನ ಅನುಭವ

ಲೇಆಫ್ ಆಗಿ ಯುಐ (ನಿರುದ್ಯೋಗ ಭತ್ಯೆ) ಪಡೆಯುತ್ತಿರುವವರಿಗೆ ರಾಜ್ಯದ ಡಿಸೆಬಿಲಿಟಿ ಹಣ (ಕಾಯಿಲೆಯಿಂದ ದುಡಿಯಲಾಗದಾಗ ಸಂಬಳದ ಬದಲು ಬರುವ ವಿಮೆಯ ಹಣ, ಚಿಕ್ಕದಾಗಿ ಡಿಐ) ಸಿಗುವುದೇ ಇಲ್ಲ ಎಂದು ನನಗೆ ಹೇಳದವರಿಲ್ಲ. ಸನ್ನಿವೇಲ್‌ನಲ್ಲಿ ಜೊತೆಗೆ ಕೆಲಸ ಮಾಡಿದವರು ಹೇಳಿದರು. ಒಂದು ಗಂಟೆಗೆ 200 ಡಾಲರ್ ತೆಗೆದುಕೊಂಡ ಸಲಹೆಗಾರರೊಬ್ಬರು ಹೇಳಿದರು. ಫ್ರೀಮಾಂಟ್‌ನಲ್ಲಿರುವ ನನ್ನ ಹೆಂಡತಿಯ ತಮ್ಮನಂತೂ “ಭಾವ, ಸುಮ್ಮನೆ ಇದ್ದದ್ದನ್ನೂ ಕಳೆದುಕೊಳ್ಳುತ್ತೀರಿ” ಎಂದು ಎರಡು ವಾರ ಬಿಡದೆ ಎಚ್ಚರಿಸಿದ. ಕೆಲಸವೇ ಇಲ್ಲದವನಿಗೆ ಸಂಬಳದ ನಷ್ಟ ಎಲ್ಲಿಂದ ಬರಬೇಕು ಎಂಬುದು ಎಲ್ಲರ ತರ್ಕ. 2025ರ ಮಾರ್ಚ್‌ನಿಂದ ಜುಲೈವರೆಗೆ ನನಗೆ ವಾರಕ್ಕೆ ಹತ್ತಿರ ಹತ್ತಿರ 1,500 ಡಾಲರ್ ಡಿಐ ಬಂತು. ಅದಕ್ಕೆ ಮೊದಲು ಯುಐನಲ್ಲಿ ಬರುತ್ತಿದ್ದುದು 450. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಇವೆರಡನ್ನೂ ನೋಡಿಕೊಳ್ಳುವ ರಾಜ್ಯದ ಇಲಾಖೆಯಾದ ಇಡಿಡಿಯಲ್ಲಿ ಖಾತೆ ತೆರೆಯುವುದು, ಎರಡು ವಾರಕ್ಕೊಮ್ಮೆ ಸರ್ಟಿಫೈ ಮಾಡುವುದು (ಆ ವಾರಗಳಲ್ಲೂ ಯುಐಗೆ ಅರ್ಹ ಎಂದು ಪ್ರಶ್ನೆಗಳಿಗೆ ಉತ್ತರಿಸಿ ದೃಢಪಡಿಸುವುದು) ಇವೆಲ್ಲ ಲೇಆಫ್ ಆದವರಿಗೆ ಗೊತ್ತೇ ಇರುತ್ತವೆ. ಅದನ್ನು ಬಿಟ್ಟು ಮುಂದಿನದಕ್ಕೆ ಬರುತ್ತೇನೆ.

ಯುಐ ಹಣ ಕಂಪನಿಗಳು ಕಟ್ಟುವ ತೆರಿಗೆಯಿಂದ ಬರುತ್ತದೆ. ಡಿಐ ಹಣ ಕೊಡುವ ರಾಜ್ಯದ ವಿಮೆ ಎಸ್‌ಡಿಐ ಹಾಗಲ್ಲ, ಅದು ನಮ್ಮದೇ ಹಣ. 1946ರಿಂದ ಈ ರಾಜ್ಯದಲ್ಲಿ ನೌಕರರ ಸಂಬಳದಿಂದ ಕಡಿದುಕೊಂಡು ನಡೆಸುತ್ತಿರುವ ವಿಮೆ. 2024ರಲ್ಲಿ ಕಡಿತದ ದರ ಶೇಕಡಾ 1.1 ಇತ್ತು. ಆ ವರ್ಷ ಸಂಬಳದ ಮಿತಿಯನ್ನೂ ತೆಗೆದುಹಾಕಿದ್ದರಿಂದ ದುಡಿದ ಪ್ರತಿ ಡಾಲರಿಗೂ ಕಡಿತವಾಯಿತು. ಅಕ್ಟೋಬರ್‌ನಲ್ಲಿ ಕೆಲಸ ಹೋಗುವವರೆಗೆ ನಾನು ಕಟ್ಟಿದ್ದು 900 ಡಾಲರ್ ಆಸುಪಾಸು. ಪೀಣ್ಯದ ಕಾರ್ಖಾನೆಯಲ್ಲಿ ದುಡಿದ ನನ್ನ ತಂದೆ, ಇಎಸ್‌ಐ ಕಡಿತವಾದ ಮೇಲೆ ರಜೆಯ ಹಣ ಕೇಳಲು ಸಂಕೋಚವೇಕೆ ಎನ್ನುತ್ತಿದ್ದರು. ಇಲ್ಲಿಯೂ ಅದೇ ಮಾತು ಸಲ್ಲುತ್ತದೆ. ಕಾಯಿಲೆ ಶುರುವಾದಾಗ ನೀವು ಕೆಲಸದಲ್ಲಿರಬೇಕು, ಇಲ್ಲವೇ ಕೆಲಸ ಹುಡುಕುತ್ತಿರಬೇಕು. ಆ ‘ಇಲ್ಲವೇ’ಯನ್ನೇ ನನಗೆ ಬುದ್ಧಿ ಹೇಳಿದ ಯಾರೂ ಓದಿರಲಿಲ್ಲ. ಯುಐ ಪಡೆಯುತ್ತಾ ಅರ್ಜಿ ಹಾಕುತ್ತಿದ್ದವನು ಕೆಲಸ ಹುಡುಕುತ್ತಿದ್ದವನಲ್ಲದೆ ಮತ್ತೇನು?

ನನ್ನದು ಸೊಂಟದ ಡಿಸ್ಕ್ ತೊಂದರೆ. ಚಳಿಗಾಲವೆಲ್ಲ ನೋವು ಇತ್ತು. ಆದರೂ ಕುಳಿತು ಸಂದರ್ಶನ ಕೊಡುತ್ತಿದ್ದೆ, ಕೆಲಸ ಸಿಕ್ಕಿದರೆ ಮಾರನೆಯ ದಿನವೇ ಹೋಗುವ ಸ್ಥಿತಿಯಲ್ಲಿದ್ದೆ. ಆದ್ದರಿಂದ ಆವರೆಗಿನ ಯುಐ ನ್ಯಾಯವಾದದ್ದೇ. ಮಾರ್ಚ್ ಮಧ್ಯದ ಒಂದು ಬುಧವಾರ ಎಡಗಾಲು ಮರಗಟ್ಟಿತು. ಅಂದೇ ವೈದ್ಯರನ್ನು ಕಂಡೆ. ಕುಳಿತು ಮಾಡುವ ಯಾವ ಕೆಲಸವೂ ಬೇಡ, ಶಸ್ತ್ರಚಿಕಿತ್ಸೆ ಆಗಬೇಕು ಎಂದರು. ಆ ಕ್ಷಣದಿಂದ ನಾನು ಯುಐಗೆ ಅರ್ಹನಲ್ಲ, ಏಕೆಂದರೆ ಅದಕ್ಕೆ ದುಡಿಯುವ ಶಕ್ತಿ ಮತ್ತು ಸಿದ್ಧತೆ ಎರಡೂ ಬೇಕು.

ಸರ್ಟಿಫೈ ಮಾಡುವಾಗ, ಕಾಯಿಲೆಯಿಂದ ಕೆಲಸ ಮಾಡಲಾಗದ ದಿನಗಳಿದ್ದವೇ ಎಂದು ಕೇಳುತ್ತಾರೆ. ಅಲ್ಲಿ “ಇಲ್ಲ” ಎಂದು ಹಾಕಿ 450 ಬರುತ್ತಲೇ ಇರಲಿ ಎಂದು ಇಬ್ಬರು ಸಲಹೆ ಕೊಟ್ಟರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಸುಳ್ಳು ಹೇಳಿ ಪಡೆದ ಹಣವನ್ನು ಹಿಂತಿರುಗಿಸಬೇಕು, ಮೇಲೆ ಶೇಕಡಾ 30 ದಂಡ ಕಟ್ಟಬೇಕು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ: ಅದೇ ದಿನಗಳಿಗೆ ಡಿಐ ಅರ್ಜಿ ಹಾಕಿದಾಗ ನಿಮ್ಮ ಎರಡು ಹೇಳಿಕೆಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ನಾನು ಬುಧವಾರದಿಂದ ಶನಿವಾರದವರೆಗಿನ ನಾಲ್ಕು ದಿನಗಳನ್ನು ತೋರಿಸಿದೆ. ಯುಐ ವಾರ ಭಾನುವಾರ ಶುರುವಾಗುತ್ತದೆ. ಪ್ರತಿ ಕಾಯಿಲೆಯ ದಿನಕ್ಕೂ ಏಳನೆಯ ಒಂದು ಭಾಗ ಕಡಿತ. ಆ ವಾರ 190 ಡಾಲರ್ ಚಿಲ್ಲರೆ ಬಂತು. ಡಿಐನಲ್ಲಿ ಮೊದಲ ಏಳು ದಿನಕ್ಕೆ ಏನೂ ಕೊಡುವುದಿಲ್ಲ. ಆದ್ದರಿಂದ ಬುಧವಾರದಿಂದ ಮುಂದಿನ ಮಂಗಳವಾರದವರೆಗೆ ಎರಡೂ ಕಡೆಯಿಂದ ಸೊನ್ನೆ. ಈ ಒಂದು ವಾರದ ಬಾಡಿಗೆ, ದಿನಸಿ, ಕಾರಿನ ಕಂತು ಕೈಯಲ್ಲಿರಲಿ.

ಡಿಐ ಅರ್ಜಿಯನ್ನು ಕಾಯಿಲೆ ಶುರುವಾಗಿ 9 ದಿನ ಕಳೆದ ಮೇಲೆ, 49 ದಿನದೊಳಗೆ ಹಾಕಬೇಕು. ನನ್ನ ಭಾಗವನ್ನು ಆನ್‌ಲೈನ್‌ನಲ್ಲಿ ತುಂಬಲು ಮುಕ್ಕಾಲು ಗಂಟೆಯೂ ಬೇಕಾಗಲಿಲ್ಲ. ಕೆಲಸದ ಕೊನೆಯ ದಿನ ಮತ್ತು ಕಾಯಿಲೆ ಶುರುವಾದ ದಿನವನ್ನು ಬೇರೆ ಬೇರೆಯಾಗಿ ಕೇಳುತ್ತಾರೆ. ಮೊದಲನೆಯದು ನನಗೆ ಅಕ್ಟೋಬರ್, ಎರಡನೆಯದು ಮಾರ್ಚ್. ನಡುವಿನ ಐದು ತಿಂಗಳನ್ನು ಕಂಡು ಗಾಬರಿಯಾಗಿ ಎರಡನ್ನೂ ಹತ್ತಿರ ತರಲು ಹೋಗುವವರಿದ್ದಾರೆ. ಅದರ ಅಗತ್ಯವಿಲ್ಲ. ನಡುವೆ ಯುಐ ಪಡೆದದ್ದು ಅದೇ ಇಲಾಖೆಯ ದಾಖಲೆಯಲ್ಲೇ ಇದೆ, ಅದು ನಿಮ್ಮ ಪರವಾದ ಸಾಕ್ಷ್ಯ.

ನಿಜವಾದ ಕಷ್ಟ ಬಂದದ್ದು ವೈದ್ಯರ ಭಾಗದಲ್ಲಿ. ಅವರು ಕಾಯಿಲೆ ಶುರುವಾದ ದಿನ, ರೋಗದ ಸಂಕೇತ, ಗುಣವಾಗುವ ಅಂದಾಜು ದಿನ ಬರೆದು ದೃಢೀಕರಿಸಬೇಕು. ಆ ಆಸ್ಪತ್ರೆಯ ಅರ್ಜಿ ವಿಭಾಗದವರು ಮೊದಲು ಕಾಗದದಲ್ಲೇ ಮಾಡುತ್ತೇವೆ ಎಂದು ಹಠ ಹಿಡಿದರು. ಎರಡು ವಾರವಾದರೂ ಆ ಲಕೋಟೆಯ ಸುಳಿವೇ ಇರಲಿಲ್ಲ. ಬೆನ್ನುಹತ್ತಿ ಆನ್‌ಲೈನ್‌ನಲ್ಲಿ ಮಾಡಿಸಿದಾಗ ಶುರುವಾದ ದಿನ ಎಂದು ಶಸ್ತ್ರಚಿಕಿತ್ಸೆಯ ದಿನವನ್ನು ಬರೆದಿದ್ದರು. ಕಾಲು ಮರಗಟ್ಟಿದ ದಿನಕ್ಕೂ ಶಸ್ತ್ರಚಿಕಿತ್ಸೆಗೂ ನಡುವೆ ಎರಡು ವಾರಕ್ಕಿಂತ ಹೆಚ್ಚು ಅಂತರವಿತ್ತು. ಅಷ್ಟು ದಿನ ನಾನು ಯುಐನಲ್ಲೂ ಇಲ್ಲ, ಡಿಐನಲ್ಲೂ ಇಲ್ಲ. ಮೂರು ಸಾವಿರ ಡಾಲರ್ ಗಾಳಿಗೆ ಹೋಗುತ್ತಿತ್ತು. ಅದೂ ಸಾಲದೆಂಬಂತೆ ನನ್ನ ವೃತ್ತಿಯ ಜಾಗದಲ್ಲಿ ‘ನಿರುದ್ಯೋಗಿ’ ಎಂದು ಬರೆದಿದ್ದರು. ನಿಯಮ ಕೇಳುವುದು ನಿಮ್ಮ ರೂಢಿಯ ಕೆಲಸವನ್ನು ಮಾಡಲು ಆಗುತ್ತದೆಯೇ ಎಂದು. ನನ್ನದು ಹಾರ್ಡ್‌ವೇರ್ ಪರೀಕ್ಷೆ. ದಿನಕ್ಕೆ ಎಂಟು ಗಂಟೆ ಕುಳಿತು, ನಡುನಡುವೆ ರ‍್ಯಾಕಿನಿಂದ ಇಪ್ಪತ್ತು ಕಿಲೋ ತೂಕದ ಪೆಟ್ಟಿಗೆ ಎಳೆಯುವ ಕೆಲಸ. ನಿರುದ್ಯೋಗ ಯಾವ ವೃತ್ತಿಯೂ ಅಲ್ಲ!

ಆಗ ನಾನು ಮಾಡಿದ್ದು ಇಷ್ಟು. ವೈದ್ಯರನ್ನು ಕಾಡಲಿಲ್ಲ. ಅರ್ಜಿ ತುಂಬುವ ಹೆಣ್ಣುಮಗಳು ಯಾರೆಂದು ಕೇಳಿ ತಿಳಿದು, ಊರುಗೋಲು ಹಿಡಿದು ಅವರ ಮೇಜಿನ ಮುಂದೆಯೇ ಹೋಗಿ ನಿಂತೆ. ಒಂದು ಹಾಳೆ ಕೊಟ್ಟೆ. ಅದರಲ್ಲಿ ಆರ್ ಅಕ್ಷರದಿಂದ ಶುರುವಾಗುವ ನನ್ನ ಅರ್ಜಿಯ ರಸೀತಿ ಸಂಖ್ಯೆ, ಬುಧವಾರದ ಭೇಟಿಯ ದಿನಾಂಕ, ವೃತ್ತಿಯ ನಾಲ್ಕು ಸಾಲಿನ ವಿವರಣೆ ಇದ್ದವು. ಕಾಯಿಲೆ ಶುರುವಾದ ಮೊದಲ ಎಂಟು ದಿನಗಳಲ್ಲೇ ವೈದ್ಯರ ಆರೈಕೆಯಲ್ಲಿರಬೇಕು ಎಂಬ ನಿಯಮಕ್ಕೆ ಆ ಭೇಟಿಯ ದಾಖಲೆಯೇ ಆಧಾರ. ಎರಡು ಮೂರು ದಿನಗಳಲ್ಲಿ ತಿದ್ದುಪಡಿ ಹೋಯಿತು. ಆ ನಾಲ್ಕು ಸಾಲುಗಳ ಒಕ್ಕಣೆಯನ್ನು ಇಲ್ಲಿ ಕೊಡುವುದಿಲ್ಲ. ನಕಲು ಮಾಡಿದರೆ ಅದು ನಿಮ್ಮ ಕೆಲಸಕ್ಕೆ ಹೊಂದುವುದಿಲ್ಲ, ನಿಮ್ಮ ಮೈ ಮಾಡುತ್ತಿದ್ದ ಕೆಲಸವನ್ನು ನೀವೇ ಬರೆಯಬೇಕು. ದೂರವಾಣಿಯಲ್ಲಿ ಬೇಗ ಮನುಷ್ಯರು ಸಿಗುವ ಹೊತ್ತು ಯಾವುದು ಎಂಬುದನ್ನೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎಲ್ಲರೂ ಅದೇ ಹೊತ್ತಿಗೆ ಮುಗಿಬಿದ್ದರೆ ಆಮೇಲೆ ಯಾರಿಗೂ ಸಿಗುವುದಿಲ್ಲ.

ಇನ್ನು ಮೊತ್ತದ ವಿಷಯ. ಇದು ನನಗೆ ಬಹಳ ಪ್ರಿಯವಾದ ಭಾಗ. ಅರ್ಜಿ ಯಾವ ತಿಂಗಳಲ್ಲಿ ಶುರುವಾಗುತ್ತದೆ ಎಂಬುದರ ಮೇಲೆ ಯಾವ ಹನ್ನೆರಡು ತಿಂಗಳ ಸಂಬಳ ನೋಡುತ್ತಾರೆ ಎಂಬುದು ನಿಂತಿದೆ. ಜನವರಿಯಿಂದ ಮಾರ್ಚ್‌ವರೆಗೆ ಶುರುವಾದರೆ ಹಿಂದಿನ ಸೆಪ್ಟೆಂಬರ್ 30ಕ್ಕೆ ಮುಗಿದ ವರ್ಷ. ಏಪ್ರಿಲ್‌ನಿಂದ ಜೂನ್ ಆದರೆ ಡಿಸೆಂಬರ್ 31ಕ್ಕೆ, ಜುಲೈಯಿಂದ ಸೆಪ್ಟೆಂಬರ್ ಆದರೆ ಮಾರ್ಚ್ 31ಕ್ಕೆ, ಕೊನೆಯ ಮೂರು ತಿಂಗಳಾದರೆ ಜೂನ್ 30ಕ್ಕೆ ಮುಗಿದ ವರ್ಷ. ಅದರಲ್ಲಿ ಅತಿ ಹೆಚ್ಚು ಸಂಬಳ ಬಂದ ತ್ರೈಮಾಸಿಕವೇ ಲೆಕ್ಕ. 2025ರಿಂದ ವರಮಾನಕ್ಕೆ ತಕ್ಕಂತೆ ಶೇಕಡಾ 70ರಿಂದ 90ರಷ್ಟು ಕೊಡುತ್ತಾರೆ. ಆ ವರ್ಷದ ಗರಿಷ್ಠ ಮಿತಿ ವಾರಕ್ಕೆ 1,681 ಡಾಲರ್.

ನನ್ನ ದೊಡ್ಡ ತ್ರೈಮಾಸಿಕ 2024ರ ಜನವರಿ-ಮಾರ್ಚ್. ಬೋನಸ್ ಸೇರಿ 28,000 ಹತ್ತಿರ. ಆದರೆ ಮೊದಲು ಬಂದ ಲೆಕ್ಕದ ಪತ್ರದಲ್ಲಿ ವಾರಕ್ಕೆ 1,240 ಎಂದಿತ್ತು. ಪತ್ರದಲ್ಲಿ ಪ್ರತಿ ತ್ರೈಮಾಸಿಕದ ಸಂಬಳ ಬಿಡಿಬಿಡಿಯಾಗಿ ಇರುತ್ತದೆ, ಬಹಳ ಜನ ಅದನ್ನು ಓದುವುದೇ ಇಲ್ಲ. ನಾನು ಪೇ ಸ್ಟಬ್ (ಸಂಬಳದ ಚೀಟಿ) ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಹಳೆಯ ಕಂಪನಿ ಬೋನಸ್ಸನ್ನು ವರದಿ ಮಾಡಿಯೇ ಇರಲಿಲ್ಲ. ಪೇ ಸ್ಟಬ್, ಡಬ್ಲ್ಯೂ-2 (ವರ್ಷದ ಸಂಬಳದ ತೆರಿಗೆ ಪತ್ರ) ಎರಡರ ಪ್ರತಿಯನ್ನೂ ಕಳುಹಿಸಿದೆ. ತಿಂಗಳಾಗುವುದರೊಳಗೆ ಮೊತ್ತ ತಿದ್ದುಪಡಿಯಾಗಿ, ಹಿಂದಿನ ಬಾಕಿಯೂ ಒಟ್ಟಿಗೆ ಬಂತು. ವಾರಕ್ಕೆ 260 ಡಾಲರ್ ವ್ಯತ್ಯಾಸವೆಂದರೆ ನಾಲ್ಕು ತಿಂಗಳಿಗೆ ಎಷ್ಟಾಯಿತು, ನೀವೇ ಗುಣಿಸಿ.

ಈ ಲೆಕ್ಕ ಕೈಗೆ ಹತ್ತಿದ ಮೇಲೆ ಮಿಲ್ಪಿಟಸ್‌ನ ಗೆಳೆಯರೊಬ್ಬರಿಗೂ ಮಾಡಿಕೊಟ್ಟೆ. ಅವರೂ ಲೇಆಫ್ ಆದವರೇ. ಮಂಡಿಯ ಶಸ್ತ್ರಚಿಕಿತ್ಸೆಯನ್ನು ಮಕ್ಕಳ ಬೇಸಿಗೆ ರಜೆ ನೋಡಿಕೊಂಡು ಜುಲೈನಲ್ಲಿ ಮಾಡಿಸಿಕೊಳ್ಳುವ ಯೋಚನೆಯಲ್ಲಿದ್ದರು. ಜೂನ್ ಕೊನೆಯಾದರೆ ಅವರ ಬೋನಸ್ ತ್ರೈಮಾಸಿಕ ಒಳಗೆ, ಜುಲೈ ಆದರೆ ಹೊರಗೆ. ಅವರ ವೈದ್ಯರಿಗೆ ಎರಡೂ ಒಂದೇ ಆಗಿತ್ತು. ಹತ್ತು ದಿನ ಮುಂಚೆ ಮಾಡಿಸಿಕೊಂಡರು, ವಾರಕ್ಕೆ 200 ಡಾಲರಿಗೂ ಹೆಚ್ಚು ಉಳಿಯಿತು. ಬಹಳ ಕಾಲದಿಂದ ಕೆಲಸವಿಲ್ಲದವರಿಗೂ ಒಂದು ದಾರಿ ಇದೆ. ಸಂಬಳ ಸಾಲದೆ ಅರ್ಜಿ ಅಸಿಂಧುವಾದರೆ, ಲೆಕ್ಕಕ್ಕೆ ಹಿಡಿದ ವರ್ಷದ ಯಾವುದಾದರೂ ತ್ರೈಮಾಸಿಕದಲ್ಲಿ 60 ದಿನ ಅಥವಾ ಹೆಚ್ಚು ಕೆಲಸ ಹುಡುಕುತ್ತಿದ್ದವರು ಅದರ ಬದಲಿಗೆ ಹಿಂದಿನ ತ್ರೈಮಾಸಿಕಗಳ ಸಂಬಳವನ್ನು ನೋಡುವಂತೆ ಕೇಳಬಹುದು. ಕೇಳಿದವರಿಗೆ ಮಾತ್ರ.

ಶಸ್ತ್ರಚಿಕಿತ್ಸೆಯ ಖರ್ಚನ್ನು ಡಿಐ ಕೊಡುವುದಿಲ್ಲ, ಅದು ಸಂಬಳದ ಬದಲಿ ಅಷ್ಟೇ. ನಾನು ಕೋಬ್ರಾ (ಹಳೆಯ ಕಂಪನಿಯ ಆರೋಗ್ಯ ವಿಮೆಯನ್ನು ನಾವೇ ಹಣ ಕಟ್ಟಿ ಮುಂದುವರಿಸುವುದು) ಉಳಿಸಿಕೊಂಡಿದ್ದೆ. ಕುಟುಂಬಕ್ಕೆ ತಿಂಗಳಿಗೆ 2,000 ಡಾಲರಿಗೂ ಮೇಲೆ, ಕೊಡುವಾಗ ಹೊಟ್ಟೆ ಉರಿಯುತ್ತಿತ್ತು. ರಾಜ್ಯದ ಆರೋಗ್ಯ ವಿಮೆ ಮಾರುಕಟ್ಟೆಯಾದ ಕವರ್ಡ್ ಕ್ಯಾಲಿಫೋರ್ನಿಯಾದ ಯೋಜನೆಗಳನ್ನೂ ಹರಡಿಕೊಂಡು ನೋಡಿದೆ. ಅಗ್ಗದ್ದರಲ್ಲಿ ನನ್ನ ಶಸ್ತ್ರಚಿಕಿತ್ಸಕರು ಇರಲಿಲ್ಲ, ಅವರಿದ್ದದ್ದು ಅಗ್ಗವಾಗಿರಲಿಲ್ಲ.

ಇನ್ನೊಂದು ಪ್ರಯೋಗ ಹೆಂಡತಿಯದು. ನನ್ನನ್ನು ನೋಡಿಕೊಳ್ಳಲು ಅವಳು ಅದೇ ವಿಮೆಯ ಪಿಎಫ್‌ಎಲ್ (ಮನೆಯವರ ಆರೈಕೆಗೆ ರಜೆ ಹಾಕಿದವರಿಗೆ ಹಣ ಕೊಡುವ ಯೋಜನೆ) ಅಡಿಯಲ್ಲಿ ಎರಡು ವಾರ ತೆಗೆದುಕೊಂಡಳು. ವರ್ಷಕ್ಕೆ ಎಂಟು ವಾರದವರೆಗೆ ಅವಕಾಶವಿದೆ, ಅದಕ್ಕೆ ಕಾಯುವ ವಾರವೂ ಇಲ್ಲ. 2025ರಿಂದ ಮೊದಲು ನಿಮ್ಮ ರಜೆ ಮುಗಿಸಿ ಎಂದು ಕಂಪನಿಯವರು ಒತ್ತಾಯಿಸುವಂತಿಲ್ಲ. ಗಂಡನಿಗೆ ಕೆಲಸವಿಲ್ಲದಿದ್ದರೆ ಹೆಂಡತಿಗೆ ಇದು ಸಿಗುವುದಿಲ್ಲ ಎಂದವರೂ ಇದ್ದರು. ಸಿಕ್ಕಿತು.

ಡಲ್ಲಾಸ್‌ನ ದೊಡ್ಡಪ್ಪನ ಮಗ ಇದನ್ನೆಲ್ಲ ಕೇಳಿ ತಾನೂ ಅರ್ಜಿ ಹಾಕುತ್ತೇನೆ ಎಂದ. ಟೆಕ್ಸಾಸ್‌ನಲ್ಲಿ ಇಂಥ ರಾಜ್ಯ ವಿಮೆಯೇ ಇಲ್ಲ. ನ್ಯೂಜೆರ್ಸಿಯ ಕನ್ನಡಿಗರು ಮಾತ್ರ ಗಮನಿಸಿ: ಕೆಲಸ ಬಿಟ್ಟು ಎರಡು ವಾರ ದಾಟಿದ ಮೇಲೆ ಕಾಯಿಲೆ ಬಿದ್ದವರಿಗೆಂದೇ ಅಲ್ಲಿ ಪ್ರತ್ಯೇಕ ವ್ಯವಸ್ಥೆ ಇದೆ.

ಮೊದಲ ಅಂದಾಜಿನಂತೆ ಮೇ ಕೊನೆಗೆ ಗುಣವಾಗಬೇಕಿತ್ತು, ಆಗಲಿಲ್ಲ. ಡಿಐ 52 ವಾರದವರೆಗೆ ಕೊಡುತ್ತಾರಾದರೂ ವೈದ್ಯರು ಕೊಟ್ಟ ದಿನಾಂಕಕ್ಕೆ ನಿಲ್ಲುತ್ತದೆ. ವಿಸ್ತರಣೆಯ ಪತ್ರಕ್ಕೆ ನಾನು ಮೂರು ವಾರ ಮೊದಲೇ ಅದೇ ಮೇಜಿನ ಮುಂದೆ ನಿಂತೆ. ಒಂದು ವಾರವೂ ತಪ್ಪದೆ ಹಣ ಬಂತು. ಒಟ್ಟು 23-24 ಸಾವಿರ ಆಗಿರಬೇಕು.

ಜುಲೈ ಮಧ್ಯದಲ್ಲಿ ವೈದ್ಯರು ಕೆಲಸಕ್ಕೆ ಹೋಗಬಹುದು ಎಂದ ವಾರವೇ ಹಳೆಯ ಯುಐ ಅರ್ಜಿಯನ್ನು ಮತ್ತೆ ತೆರೆಸಿದೆ. ಅದರ ಆಯಸ್ಸು ಶುರುವಾದ ದಿನದಿಂದ ಒಂದು ವರ್ಷ, ನನ್ನದು ಶುರುವಾದದ್ದು ನವೆಂಬರ್ ಮೊದಲಲ್ಲಿ. 26 ವಾರಗಳಲ್ಲಿ ಬಳಸದೆ ಉಳಿದ ಎಂಟು ವಾರಗಳು ಹಾಗೆಯೇ ಇದ್ದವು. ಡಿಐ ಅವನ್ನು ತಿಂದಿರಲಿಲ್ಲ. ಅವು ಮುಗಿಯುವ ಹೊತ್ತಿಗೆ ಸ್ಯಾನ್ ಹೋಸೆಯಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು.

ತೆರಿಗೆಯ ಬಗ್ಗೆ ಒಂದು ಮಾತು. ಡಿಐಗೆ ತೆರಿಗೆ ಇಲ್ಲ ಎಂದು ನನ್ನ ಲೆಕ್ಕಿಗರು ಹೇಳಿದ್ದರು. ಕೆಲಸದಲ್ಲಿದ್ದು ಕಾಯಿಲೆ ಬಿದ್ದವರಿಗೆ ಅದು ನಿಜ. ಯುಐ ಪಡೆಯುತ್ತಿದ್ದವರು ಡಿಐಗೆ ಹೋದರೆ, ಯುಐ ಬದಲಿಗೆ ಬಂದದ್ದು ಎಂದು ಎಣಿಸಿದಷ್ಟಕ್ಕೆ ಕೇಂದ್ರ ಸರ್ಕಾರದ ತೆರಿಗೆ ಬೀಳುತ್ತದೆ, ಅದಕ್ಕೆ 1099-ಜಿ ಎಂಬ ತೆರಿಗೆ ಪತ್ರ ಬರುತ್ತದೆ. ರಾಜ್ಯದ ತೆರಿಗೆ ಇಲ್ಲ. ಡಿಐ ಬರುವಾಗ ಪ್ರತಿ ಬಾರಿ ನೂರು ಡಾಲರ್ ಎತ್ತಿಟ್ಟಿದ್ದೆ. ಏಪ್ರಿಲ್‌ನಲ್ಲಿ ಕಟ್ಟಿದ ಮೇಲೂ ಸ್ವಲ್ಪ ಉಳಿಯಿತು.