ಮಿಂಟ್ ಹಾಕಿದ್ದಾಯ್ತು, ಕಂಟ್ರೋಲ್ ಪ್ಯಾನೆಲ್ ಎಲ್ಲಿ?

ಮಂಡ್ಯದಲ್ಲಿ ನಮ್ಮ ಚಿಕ್ಕಪ್ಪನದು ಒಂದು ಜೆರಾಕ್ಸ್ ಅಂಗಡಿ. ಅರ್ಜಿ ಟೈಪ್ ಮಾಡಿಕೊಡುವುದು, ಪ್ರಿಂಟ್ ತೆಗೆದುಕೊಡುವುದು ಅವರ ಕೆಲಸ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ಅಂಗಡಿಯ ಹಳೇ ಕಂಪ್ಯೂಟರಿಗೆ ವಿಂಡೋಸ್ 11 ಒಗ್ಗಲಿಲ್ಲ. ನಾನು ಮೈಸೂರಿನಿಂದ ಹೋಗಿ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ 22 ಹಾಕಿ ಬಂದೆ. ಮೂರನೇ ದಿನಕ್ಕೇ ಫೋನ್ ಬಂತು.

"ಅಲ್ಲಾ ಕಣಪ್ಪಾ, ಇದ್ರಲ್ಲಿ ಕಂಟ್ರೋಲ್ ಪ್ಯಾನೆಲ್ ಎಲ್ ಮಡಗವ್ರೆ?"

ವಿಂಡೋಸ್‌ನಲ್ಲಿ ಸೆಟ್ಟಿಂಗ್ ಬದಲಾಯಿಸುವ ಆ ಕಿಟಕಿಗೆ ಮಿಂಟ್‌ನಲ್ಲೂ ಬದಲಿ ಇದೆ: ಮೆನು ಒತ್ತಿ ‘ಸಿಸ್ಟಮ್ ಸೆಟ್ಟಿಂಗ್ಸ್’ ತೆರೆಯಿರಿ. ಬಹುಪಾಲು ಎಲ್ಲವೂ ಅಲ್ಲೇ ಇದೆ. ಕೆಲವು ಮಾತ್ರ ಮೆನುವಿನಲ್ಲಿ ಬೇರೆ ಬೇರೆ ಆ್ಯಪ್‌ಗಳಾಗಿ ಕೂತಿವೆ. ಯಾವುದನ್ನು ಮೊದಲು ಮುಟ್ಟಬೇಕು ಅನ್ನುವುದು ಗೊತ್ತಿದ್ದರೆ ಸಾಕು, ಆಜ್ಞೆ ಟೈಪ್ ಮಾಡುವ ಕಪ್ಪು ಪರದೆಯ ಟರ್ಮಿನಲ್ ತೆರೆಯುವ ಅಗತ್ಯ ಹೆಚ್ಚು ಬರುವುದಿಲ್ಲ. ನಡುವೆ ಪಾಸ್‌ವರ್ಡ್ ಕೇಳಿದರೆ ಗಾಬರಿ ಬೇಡ. ಪಾಸ್‌ವರ್ಡ್ ಕೇಳುವ ಕಿಟಕಿಗಳ ಹಿಂದೆ ಇರುವುದು ಹೆಚ್ಚಾಗಿ ‘ಇಟಿಸಿ’ ಅನ್ನುವ ಫೋಲ್ಡರ್‌ನ ಸಾದಾ ಅಕ್ಷರದ ಫೈಲುಗಳು. ನೀವು ಮೌಸ್‌ನಲ್ಲಿ ಒತ್ತಿದ್ದನ್ನು ಅದು ಆ ಫೈಲಿಗೆ ಬರೆಯುತ್ತದೆ, ಅಷ್ಟೇ.

ಮೊದಲು ತೆರೆಯಬೇಕಾದದ್ದು ಟೈಮ್‌ಶಿಫ್ಟ್, ಏನಾದರೂ ಕೆಟ್ಟರೆ ಸಿಸ್ಟಮನ್ನು ಹಿಂದಿನ ಸ್ಥಿತಿಗೆ ತರುವ ಆ್ಯಪ್. ಬೇರೆ ಯಾವುದಕ್ಕೂ ಕೈ ಹಾಕುವ ಮುಂಚೆ ಇದು ಆಗಲೇಬೇಕು. ನಕಲು ಮಾಡುವ ವಿಧಾನವಾಗಿ ‘ಆರ್‌ಸಿಂಕ್’ ಆರಿಸಿ, ಸ್ನ್ಯಾಪ್‌ಶಾಟ್ (ಸಿಸ್ಟಮ್‌ನ ಆ ಹೊತ್ತಿನ ನಕಲು) ಇಡಲು ಜಾಗ ತೋರಿಸಿ. ಆ ಜಾಗ ಲಿನಕ್ಸ್‌ನದೇ ಫಾರ್ಮ್ಯಾಟ್, ಅಂದರೆ ಇಎಕ್ಸ್‌ಟಿ4 ಥರದ್ದು ಇರಬೇಕು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕ್ ನಡೆಯುವುದಿಲ್ಲ. ದಿನಕ್ಕೊಂದು ಅಂತ ಗುರುತು ಹಾಕಿ, ಆಮೇಲೆ ‘ಕ್ರಿಯೇಟ್’ ಒತ್ತಿ. ಒಂದು ಮಾತು ನೆನಪಿರಲಿ: ಇದು ಸಿಸ್ಟಮ್ ಫೈಲುಗಳನ್ನು ಮಾತ್ರ ಉಳಿಸುತ್ತದೆ. ನಿಮ್ಮ ಫೋಟೊ, ಕಾಗದಪತ್ರಗಳನ್ನು ಬೇರೆ ಕಡೆ ಕಾಪಿ ಇಟ್ಟುಕೊಳ್ಳಬೇಕು.

ಆಮೇಲೆ ‘ಸಾಫ್ಟ್‌ವೇರ್ ಸೋರ್ಸಸ್’, ಅಂದರೆ ಸಾಫ್ಟ್‌ವೇರ್ ಯಾವ ಸರ್ವರ್‌ನಿಂದ ಇಳಿಯಬೇಕು ಅಂತ ಹೇಳುವ ಕಿಟಕಿ. ಅಲ್ಲಿ ‘ಮೇನ್’ ಪಕ್ಕದ ವಿಳಾಸದ ಮೇಲೆ ಒತ್ತಿದರೆ ಸರ್ವರ್‌ಗಳ ಪಟ್ಟಿ ಬಂದು ಒಂದೊಂದರ ವೇಗ ತೋರಿಸುತ್ತದೆ. ಜಾಸ್ತಿ ವೇಗದ್ದನ್ನು ಆರಿಸಿ. ನಂತರ ‘ಅಪ್‌ಡೇಟ್ ಮ್ಯಾನೇಜರ್’, ಅದಾದ ಮೇಲೆ ‘ಡ್ರೈವರ್ ಮ್ಯಾನೇಜರ್’ (ಡ್ರೈವರ್ ಅಂದರೆ ವೈಫೈ ಥರದ ಭಾಗಗಳನ್ನು ನಡೆಸುವ ತಂತ್ರಾಂಶ). ವೈಫೈ ಕಾಣದೇ ಇದ್ದರೆ ಮೊಬೈಲನ್ನು ಕೇಬಲ್‌ನಲ್ಲಿ ಸಿಕ್ಕಿಸಿ, ಯುಎಸ್‌ಬಿ ಟೆದರಿಂಗ್ ಹಾಕಿ ನೆಟ್ ಕೊಡಿ. ಡ್ರೈವರ್ ಪಟ್ಟಿಯಲ್ಲಿ ‘ರೆಕಮೆಂಡೆಡ್’ ಅಂತ ಇರುವುದು ಸಾಕು.

ಅಂಗಡಿಯಲ್ಲಿ ನಿಜವಾಗಿ ಹೊತ್ತು ಹಿಡಿದಿದ್ದು ಕನ್ನಡ. ಚಿಕ್ಕಪ್ಪನ ಬೆರಳಿಗೆ ನುಡಿ ತಂತ್ರಾಂಶದ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿ ವಿನ್ಯಾಸ ಅಭ್ಯಾಸ. ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲಿ ‘ಕಗಪ’ ಅಂತ ಒಂದಿದೆ. ಅದೇ ಇರಬೇಕು ಅಂದುಕೊಂಡು ಹಾಕಿದೆ. ಸ್ವರಗಳು ನುಡಿಯ ಹಾಗೆ ಕೂರಲಿಲ್ಲ. ಸರಿಯಾದ ದಾರಿ ಹೀಗಿದೆ. ತಂತ್ರಾಂಶ ಹಾಕಿಕೊಳ್ಳುವ ‘ಸಿನಾಪ್ಟಿಕ್’ ಆ್ಯಪ್ ತೆರೆದು, ಬೇರೆ ಬೇರೆ ಭಾಷೆ ಟೈಪ್ ಮಾಡಲು ಬೇಕಾದ ‘ಐಬಸ್-ಎಂ17ಎನ್’ (ibus-m17n) ಅಂತ ಹುಡುಕಿ, ಗುರುತು ಹಾಕಿ, ‘ಅಪ್ಲೈ’ ಒತ್ತಿ. ‘ಇನ್‌ಪುಟ್ ಮೆಥಡ್’ ಕಿಟಕಿಯಲ್ಲಿ ಐಬಸ್ ಆರಿಸಿ. ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ. ‘ಐಬಸ್ ಪ್ರಿಫರೆನ್ಸಸ್’ನಲ್ಲಿ ಆ್ಯಡ್, ಕನ್ನಡ, ಕೆಜಿಪಿ. ಇನ್ನು ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಪರೀಕ್ಷೆಗೆ ‘ಮಂಡ್ಯ’ ಬರೆಯಿರಿ: ಎಂ, ಶಿಫ್ಟ್ ಹಿಡಿದು ಎಂ, ಡಬ್ಲ್ಯೂ, ಎಫ್, ವೈ. ಒತ್ತಕ್ಷರ ಕೂಡಿಸುವ ಎಫ್ ನುಡಿಯಲ್ಲಿದ್ದ ಜಾಗದಲ್ಲೇ ಸಿಕ್ಕಿದ್ದು ನೋಡಿ ಚಿಕ್ಕಪ್ಪ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಯುನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಮುಂಚಿನ ಹಳೇ ನುಡಿ ಫೈಲುಗಳನ್ನು ಮಾತ್ರ ಯುನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ಅದು ಬೇರೆಯದೇ ಕತೆ.

ಪ್ರಿಂಟರ್ ಕೇಬಲ್ ಸಿಕ್ಕಿಸಿದರೆ ಬಹಳಷ್ಟು ಸಲ ತಾನೇ ಸೇರಿಕೊಳ್ಳುತ್ತದೆ. ಆದರೂ ‘ಪ್ರಿಂಟರ್ಸ್’ ತೆರೆದು, ಪ್ರಿಂಟರ್ ಮೇಲೆ ಬಲ ಗುಂಡಿ ಒತ್ತಿ, ‘ಪ್ರಾಪರ್ಟೀಸ್’ನ ‘ಪ್ರಿಂಟರ್ ಆಪ್ಷನ್ಸ್’ ನೋಡಿ. ಕಾಗದದ ಅಳತೆ ಅಮೆರಿಕದ ‘ಲೆಟರ್’ ಅಂತ ಇದ್ದರೆ ಎ4 ಮಾಡಿ. ಇಲ್ಲದಿದ್ದರೆ ಅರ್ಜಿಯ ಕೊನೆಯ ಸಾಲು, ಸಹಿ ಹಾಕುವ ಜಾಗ, ಎಲ್ಲೋ ಓಡಿಹೋಗಿರುತ್ತದೆ.

ಹೊರಗಿನಿಂದ ಬರುವ ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್ ಮೊದಲಿಗೆ ಆಫ್ ಇರುತ್ತದೆ. ‘ಫೈರ್‌ವಾಲ್ ಕಾನ್ಫಿಗರೇಷನ್’ ತೆರೆದು ಆನ್ ಮಾಡಿದರೆ ಮುಗಿಯಿತು. ಕಂಪ್ಯೂಟರ್ ಶುರುವಾಗಲು ತಡವಾದರೆ ‘ಸ್ಟಾರ್ಟಪ್ ಅಪ್ಲಿಕೇಷನ್ಸ್’ನಲ್ಲಿ ಬೇಡದ್ದನ್ನು ಆಫ್ ಮಾಡಿ.

ಇನ್ನು ಉಳಿದಿದ್ದು ‘ಡಿಸ್ಕ್ಸ್’. ಇದರಲ್ಲಿ ನಾನೇ ಎಡವಿದ್ದೇನೆ. ಮೈಸೂರಿನ ಮನೆಯಲ್ಲಿ ಹೊರಗಿನ ಹಾರ್ಡ್‌ಡಿಸ್ಕ್ ತಾನಾಗೇ ತೆರೆದುಕೊಳ್ಳಲಿ ಅಂತ, ಗಿಯರ್ ಗುರುತು ಒತ್ತಿ ‘ಎಡಿಟ್ ಮೌಂಟ್ ಆಪ್ಷನ್ಸ್’ಗೆ ಹೋದೆ. ಅಲ್ಲಿನ ಸಾಲಿನಲ್ಲಿ ‘ನೋಫೇಲ್’ ಅಂತ ಒಂದು ಪದ ಇತ್ತು. ಇದ್ಯಾಕೆ ಸುಮ್ನೆ ಅಂತ ಅಳಿಸಿದೆ. ‘ಈ ಡಿಸ್ಕ್ ಸಿಗದಿದ್ದರೂ ಪರವಾಗಿಲ್ಲ, ಮುಂದೆ ಹೋಗು’ ಅಂತ ಕಂಪ್ಯೂಟರಿಗೆ ಹೇಳುತ್ತಿದ್ದದ್ದೇ ಆ ಪದ! ಮಾರನೇ ದಿನ ಡಿಸ್ಕ್ ಸಿಕ್ಕಿಸದೆ ಆನ್ ಮಾಡಿದೆ. 1 ನಿಮಿಷ 30 ಸೆಕೆಂಡ್ ಎಣಿಸಿಕೊಂಡು ಕೂತು, ಕೊನೆಗೆ ‘ಎಮರ್ಜೆನ್ಸಿ ಮೋಡ್’ ಅಂದಿತು. ಕಪ್ಪು ಪರದೆ.

ಹೀಗಾದರೆ ಮಿಂಟ್ ಹಾಕಲು ಬಳಸಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ. ಅದರಲ್ಲೂ ಟೈಮ್‌ಶಿಫ್ಟ್ ಇರುತ್ತದೆ. ತೆರೆದು, ಸ್ನ್ಯಾಪ್‌ಶಾಟ್ ಇರುವ ಡಿಸ್ಕ್ ತೋರಿಸಿ, ಹಿಂದಿನ ದಿನದ್ದನ್ನು ಆರಿಸಿ ‘ರಿಸ್ಟೋರ್’ ಒತ್ತಿ. ನಾನು ಅಳಿಸಿದ್ದ ಪದ ಇದ್ದದ್ದು ಇಟಿಸಿ ಫೋಲ್ಡರ್‌ನ ‘ಎಫ್‌ಎಸ್‌ಟ್ಯಾಬ್’ ಫೈಲಿನಲ್ಲಿ. ಆ ಫೈಲ್ ಹಳೇ ರೂಪಕ್ಕೆ ಮರಳಿತು, ಕಾಫಿ ಆರುವಷ್ಟರಲ್ಲಿ ಡೆಸ್ಕ್‌ಟಾಪ್ ಬಂತು. ಚಿಕ್ಕಪ್ಪನ ಅಂಗಡಿಯ ಮೇಜಿನ ಡ್ರಾಯರ್‌ನಲ್ಲಿ ಈಗ ಅಂಥದ್ದೇ ಒಂದು ಪೆನ್‌ಡ್ರೈವ್ ಇದೆ. ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಮುಟ್ಟಬೇಡಿ’ ಅಂತ ಬರೆದಿದ್ದಾರೆ.