ಪೆಪ್ಟೈಡ್ ಜೆಲ್ ಒಳಗೆ ಜೀವಕೋಶ ಉಳಿಸಿಕೊಂಡಿದ್ದು ಹೀಗೆ

ಮೊದಲ ಸಲ ಆರ್‌ಎಡಿಎ16 ಎಂಬ ಪೆಪ್ಟೈಡ್‌ನ (ಪ್ರೋಟೀನಿನಂಥದೇ ಚಿಕ್ಕ ಸರಪಳಿ) ಜೆಲ್ ಒಳಗೆ ಜೀವಕೋಶ ಬೆಳೆಸಲು ಹೋದಾಗ ಮರುದಿನ ಬೆಳಿಗ್ಗೆಯೊಳಗೆ ಮುಕ್ಕಾಲುಪಾಲು ಸತ್ತಿದ್ದವು. ಪೆಪ್ಟೈಡೇ ವಿಷ ಅಂದುಕೊಂಡೆ. ಅದಲ್ಲ, ನಾನು ಬೆರೆಸಿದ ರೀತಿಯೇ ತಪ್ಪು.

ಇದು ಬರೀ 16 ಅಮೈನೋ ಆಮ್ಲಗಳ ಸರಪಳಿ. ಆರ್ಜಿನೀನ್, ಅಲನಿನ್, ಆಸ್ಪಾರ್ಟಿಕ್ ಆಮ್ಲ, ಮತ್ತೆ ಅಲನಿನ್, ಇದೇ ಸಾಲು ನಾಲ್ಕು ಸಲ. ಒಂದು ಮಗ್ಗುಲಿಗೆ ನೀರು ಆಗಿಬರುವುದಿಲ್ಲ, ಇನ್ನೊಂದು ಮಗ್ಗುಲಲ್ಲಿ ಪ್ಲಸ್, ಮೈನಸ್ ಚಾರ್ಜ್ ಒಂದಾದ ಮೇಲೊಂದು. ಹಾಗಾಗಿ ತಾವಾಗಿಯೇ ಜೋಡಿಸಿಕೊಂಡು ಸುಮಾರು 10 ನ್ಯಾನೋಮೀಟರ್ ದಪ್ಪದ ಎಳೆಗಳಾಗುತ್ತವೆ. ಸೀಸೆಯಲ್ಲಿ ಹುಳಿಯಾಗಿ, ಅಂದರೆ ಪಿಎಚ್ ಕಡಿಮೆ ಇರುವ ತನಕ ದ್ರಾವಣ ಹರಿಯುತ್ತದೆ. ಉಪ್ಪು ತಾಗಿತೋ, ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಜೆಲ್ ಆಗಿಬಿಡುತ್ತದೆ.

ನನ್ನ ತಪ್ಪು ಇಲ್ಲೇ. ಜೀವಕೋಶಗಳನ್ನು ಪಿಬಿಎಸ್‌ನಲ್ಲಿ ಕಲಸಿದ್ದೆ, ಅದು ಉಪ್ಪಿನ ನೀರು ಅಲ್ವಾ! ಪಿಪೆಟ್ ತುದಿಯಲ್ಲೇ ಗಂಟುಗಂಟಾಯಿತು. ಅದನ್ನು ಬಿಡಿಸುತ್ತಾ ಕೂತಷ್ಟು ಹೊತ್ತೂ ಕೋಶಗಳು ಆ ಹುಳಿಯಲ್ಲೇ ಇದ್ದವು.

ಈಗ ಹೀಗೆ ಮಾಡುತ್ತೇನೆ. ಪೆಪ್ಟೈಡ್ ದ್ರಾವಣವನ್ನು ಅರ್ಧ ಗಂಟೆ ಸೋನಿಕೇಟರ್‌ನಲ್ಲಿ (ಶಬ್ದದ ಅಲೆಗಳಿಂದ ಅಲುಗಿಸುವ ಯಂತ್ರ) ಇಡುತ್ತೇನೆ, ಎಳೆ ತುಂಡಾಗಿ ದ್ರಾವಣ ತೆಳ್ಳಗಾಗುತ್ತದೆ. ಜೀವಕೋಶಗಳನ್ನು 10% ಸುಕ್ರೋಸ್ ನೀರಿನಲ್ಲಿ ತೊಳೆದು ಅದರಲ್ಲೇ ಕಲಸುತ್ತೇನೆ. ಸಕ್ಕರೆಯಿಂದ ಕೋಶ ಉಬ್ಬಿ ಒಡೆಯುವುದಿಲ್ಲ, ಉಪ್ಪಿಲ್ಲದ್ದರಿಂದ ಜೆಲ್ಲೂ ಅವಸರಪಡುವುದಿಲ್ಲ. ಎರಡನ್ನೂ ಸಮಸಮ ಬೆರೆಸಿ, ಗುಳ್ಳೆ ಏಳದಂತೆ ಒಂದು ಸಲಕ್ಕೆ ಪ್ಲೇಟಿನ ಎರಡೇ ಗುಣಿಗೆ ಹಾಕಿ, ಕೂಡಲೇ ಮೀಡಿಯಾವನ್ನು, ಅಂದರೆ ಕೋಶ ಬೆಳೆಸುವ ಪೋಷಕ ದ್ರವವನ್ನು, ಗುಣಿಯ ಗೋಡೆಯ ಬದಿಯಿಂದ ಹನಿಹನಿಯಾಗಿ ಇಳಿಸುತ್ತೇನೆ, ಜೋರಾಗಿ ಸುರಿದರೆ ಜೆಲ್ ಕಿತ್ತುಬರುತ್ತದೆ. ಆಗ ನೋಡಬೇಕು, ಕೆಂಪಗಿದ್ದ ಮೀಡಿಯಾ ಜೆಲ್ ತಾಗಿದ ಕಡೆಯಿಂದ ಹಳದಿಗೆ ತಿರುಗುತ್ತದೆ. ಅದೇ ಹುಳಿ ಹೊರಗೆ ಬರುತ್ತಿರುವ ಗುರುತು. ಮೊದಲ ಒಂದು ಗಂಟೆಯಲ್ಲೇ ಎರಡು ಮೂರು ಸಲ ಮೀಡಿಯಾ ಬದಲಿಸಲೇಬೇಕು, ಇದನ್ನು ಸುಮ್ನೆ ನಾಳೆಗೆ ಬಿಡಬೇಡಿ.

ವೈದ್ಯರ ಕೈಯಲ್ಲೂ ಇದೇ ಗುಣ ಕೆಲಸಕ್ಕೆ ಬರುತ್ತದೆ. ಎಂಡೋಸ್ಕೋಪಿಯಲ್ಲಿ ರಕ್ತ ಒಸರುವ ಜಾಗಕ್ಕೆ ಈ ಪೆಪ್ಟೈಡ್ ಹಚ್ಚಿದರೆ ರಕ್ತದ ಉಪ್ಪಿಗೇ ಅದು ಜೆಲ್ ಆಗಿ ಮುಚ್ಚಿಕೊಳ್ಳುತ್ತದೆ. ಜೆಲ್ ಪಾರದರ್ಶಕ, ಹಾಗಾಗಿ ಕೆಳಗೆ ಇನ್ನೂ ಒಸರುತ್ತಿದೆಯಾ ಅಂತ ಕಾಣುತ್ತದೆ. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಇದೇ.

ಇನ್ನೊಂದು ಮಾತು. ಪೆಪ್ಟೈಡ್ ಪುಡಿ ತರಿಸುವಾಗ ಟಿಎಫ್‌ಎ ಎಷ್ಟು ಉಳಿದಿದೆ ಅಂತ ಕೇಳಿ. ಶುದ್ಧೀಕರಣದಲ್ಲಿ ಸೇರಿಕೊಳ್ಳುವ ಆಮ್ಲ ಅದು. ಜಾಸ್ತಿ ಇದ್ದರೆ ಹುಳಿಯೂ ಜಾಸ್ತಿ, ಮೀಡಿಯಾ ಇನ್ನೊಂದು ಸಲ ಬದಲಿಸಬೇಕಾಗುತ್ತದೆ.